ಸಂಖ್ಯೆಯಿಲ್ಲದ ಗುಂಡಿ

ಹದಿನೇಳು, ಹದಿನೆಂಟು, ಹತ್ತೊಂಬತ್ತು, ಪರದೆಯ ತುಂಬ ಹಳದಿ ಸಂಖ್ಯೆಗಳು, ಯಾವುದನ್ನು ಒತ್ತಬಹುದೋ ಅದರ ನೆತ್ತಿಯ ಮೇಲೆ ಒಂದೊಂದು, ನಾನು ಸಂಖ್ಯೆ ಹೇಳಿದರೆ ಕಂಪ್ಯೂಟರ್ ಒತ್ತುತ್ತದೆ, ಆದರೆ ಎಲ್ಲಕ್ಕಿಂತ ಕೆಳಗಿನ ಆ ಬೂದು ಗುಂಡಿಗೆ, ಅರ್ಜಿ ಸಲ್ಲಿಸುವ ಗುಂಡಿಗೆ ಮಾತ್ರ ಸಂಖ್ಯೆಯೇ ಇಲ್ಲ, ಈ ಪುಟ ಮಾಡಿದ ಪುಣ್ಯಾತ್ಮರು ಅದಕ್ಕೆ ಬಣ್ಣ ಬಳಿದಿದ್ದಾರೆ, ಹೆಸರು ಕೊಟ್ಟಿಲ್ಲ, ಕೈ ಇದ್ದವರು ಒತ್ತಿಕೊಂಡು ಹೋಗುತ್ತಾರೆ. ಸಲ್ಲಿಸು ಒತ್ತು, ಎನ್ನುತ್ತೇನೆ. ಏನೂ ಇಲ್ಲ. ಸಲ್ಲಿಸು ಒತ್ತು. ಅಡುಗೆಮನೆಯಿಂದ ಇವರು, ಎಲ್ಲಿಗೆ ಬಂತೇ? ಬರ್ತಾ ಇದೆ. ನಾನು ಬಂದು ಒತ್ಲಾ? ಬೇಡ ಬೇಡ, ಆಗುತ್ತೆ. ಬೆಳಗಿನಿಂದ ಇದು ಮೂರನೆಯ ಸಲ, ಎರಡು ಸಲ ನಿಮ್ಮ ಅವಧಿ ಮುಗಿದಿದೆ ಎಂದು ತುಂಬಿದ್ದೆಲ್ಲ ಒರೆಸಿಹಾಕಿತು, ಹೆಸರು, ವಯಸ್ಸು, ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದೆ ಎನ್ನುವುದು, ಆಮೇಲೆ ಎರಡೂ ಮಣಿಕಟ್ಟು ಹೋದವು ಎನ್ನುವುದು, ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕು, ಇಡೀ ಮನೆಗೆ ಕೇಳುವ ಹಾಗೆ — ಬೇರೆ ಹೆಂಗಸರು ಗುಟ್ಟಾಗಿ ಒಂದು ಕಾಗದವನ್ನಾದರೂ ಬರೆದುಕೊಳ್ಳಬಹುದು, ನನಗೆ ಅದೂ ಡಂಗುರ. ಮೊನ್ನೆ ನಾದಿನಿ ಬಂದು ಸೋಫಾ ಮೇಲೆ ಕಾಲು ಮಡಚಿ ಕೂತು ನಕ್ಕಿದ್ದಳು, ಅತ್ತಿಗೆ, ನೀವು ಹೇಳಿದ್ದನ್ನ ಆ ಡಬ್ಬಿನಾದ್ರೂ ಕೇಳುತ್ತಲ್ಲ, ನಮ್ಮಣ್ಣಂಗಿಂತ ವಾಸಿ. ಇವರೂ ನಕ್ಕರು. ನಾನೂ.

ಚೌಕ ತೋರಿಸು, ಎನ್ನುತ್ತೇನೆ, ಪರದೆ ಒಂಬತ್ತು ಚೌಕವಾಗುತ್ತದೆ, ಗುಂಡಿ ಎಂಟರೊಳಗಿದೆ, ಎಂಟು, ಅದರೊಳಗೆ ಮತ್ತೆ ಒಂಬತ್ತು, ಐದು, ಮತ್ತೆ, ಎರಡು, ಬಾಣ ಗುಂಡಿಯ ಅಂಚಿಗೆ ಬಂತು, ಬಂತು, ಅಷ್ಟರಲ್ಲಿ ಮೇಲಿನಿಂದ ಯಾವುದೋ ಪ್ರಕಟಣೆಯ ಪಟ್ಟಿ ಇಳಿದು ಇಡೀ ಪುಟವನ್ನೇ ಒಂದು ಗೇಣು ಕೆಳಕ್ಕೆ ತಳ್ಳುತ್ತದೆ, ಒತ್ತು ಎಂದದ್ದು ಖಾಲಿ ಜಾಗಕ್ಕೆ ಬೀಳುತ್ತದೆ. ಕೈಗೆ ಬಂದ ತುತ್ತು. ಅವಧಿ ಮುಗಿಯಲು ಇನ್ನು ನಾಲ್ಕು ನಿಮಿಷ. ಆರನೆಯ ಪ್ರಶ್ನೆಗೆ ಹೌದು ಎಂದೇ ಇದೆ ತಾನೆ, ಬೇರೆ ಊರಿನಲ್ಲಿ ಒಂಟಿಯಾಗಿ ವಾಸಿಸಲು ಸಿದ್ಧರಿದ್ದೀರಾ, ಹೌದು, ಇದೆ. ಹಳೆಯ ಧ್ವನಿಮುದ್ರಣಗಳನ್ನು ಕೇಳಿ, ಒಳಗೇನಿದೆ ಎಂದು ಬಾಯಲ್ಲಿ ಹೇಳುವ ಕೆಲಸ, ಕೈ ಬೇಡವೇ ಬೇಡ, ಜೊತೆಗೆ ಇರಲಿಕ್ಕೆ ಒಂದು ಕೋಣೆ. ನಾಳೆ ಕೊನೆಯ ದಿನ. ತುಂಬು ತುಂಬು, ಹೊತ್ತಾದ್ರೂ ಹೋಗುತ್ತೆ, ಎಂದಿದ್ದರು ಇವರು ನನ್ನ ರವಿಕೆಯ ಗುಂಡಿ ಹಾಕುತ್ತ, ಎರಡು ವರ್ಷದಿಂದ ಅವರೇ ಹಾಕುತ್ತಾರೆ, ತಲೆ ಬಾಚುತ್ತಾರೆ, ನೋಯಿಸುವುದಿಲ್ಲ, ಇಂಥ ಗಂಡ ಯಾರಿಗಿದ್ದಾರೆ ಎಂದು ಬೀದಿಯೆಲ್ಲ ಹೇಳುತ್ತದೆ, ನಿಜ, ಯಾರಿಗಿದ್ದಾರೆ. ಹೋದ ವರ್ಷ ಇಂಥದೇ ಇನ್ನೊಂದು ಅರ್ಜಿಗೆ ಅವರ ತೋರುಬೆರಳೇ ಬೇಕಾಯಿತು, ಆ ಬೆರಳು ಗುಂಡಿ ಒತ್ತುವ ಮೊದಲು ಸದ್ದಿಲ್ಲದೆ ಮೇಲಕ್ಕೆ ಹೋಯಿತು, ಹೌದು ಇದ್ದದ್ದನ್ನು ಇಲ್ಲ ಮಾಡಿತು, ಕೆಳಗಿಳಿದು ಸಲ್ಲಿಸಿತು, ನನ್ನ ಕಣ್ಣೆದುರೇ. ನಿನ್ನ ಒಳ್ಳೇದಕ್ಕೇ ಕಣೇ, ಬಾಟಲಿ ಮುಚ್ಚಳ ತೆಗೆಯೋಕೆ ಯಾರನ್ನ ಕರೀತೀಯ ಅಲ್ಲಿ? ಹಲ್ಲಿನಿಂದ ತೆಗೆಯಬಹುದೇನೋ.

ಕೈ ಒರೆಸಿಕೊಂಡು ಬಂದೇಬಿಟ್ಟರು, ಪಕ್ಕದಲ್ಲಿ ನಿಂತರು, ಸೋಪಿನ ವಾಸನೆ, ಮೌಸ್ ಮೇಲೆ ಅಂಗೈ, ಮೇಲೆತ್ತಿದ ಆ ಬೆರಳು. ಯಾವುದು, ಇದಾ? ಒಂದ್ಸಲ ಮೇಲಿಂದ ಎಲ್ಲ ಸರಿಯಿದೆಯಾ ನೋಡ್ಬಿಡ್ತೀನಿ ತಾಳು. ಪುಟ ಮೇಲಕ್ಕೆ ಸರಿಯತೊಡಗುತ್ತದೆ, ಹತ್ತನೆಯ ಪ್ರಶ್ನೆ, ಒಂಬತ್ತು, ಎಂಟು — ಪುಟ ಮುಚ್ಚು, ಎನ್ನುತ್ತೇನೆ. ಅದು ಒಂದೇ ಮಾತಿಗೆ ಮುಚ್ಚಿಕೊಳ್ಳುತ್ತದೆ. ಅಯ್ಯೋ, ಅಷ್ಟೊತ್ತಿಂದ ತುಂಬಿದ್ದೆಲ್ಲ ಹೋಯ್ತಲ್ಲೇ! ಹೋಗ್ಲಿ ಬಿಡಿ. ಬೇಜಾರಾಯ್ತಾ? ಇಲ್ಲ. ಹೋದ ವಾರ ಇವರು ಕ್ಷೌರಕ್ಕೆ ಹೋಗಿದ್ದಾಗ ಆ ಕಚೇರಿಗೆ ಫೋನ್ ಮಾಡಿದ್ದೆ, ಗುಮಾಸ್ತೆ ಅವಸರದಲ್ಲಿದ್ದಳು, ಆದರೂ, ಅಮ್ಮಾ, ಆಗ್ಲಿಲ್ಲ ಅಂದ್ರೆ ಇಲ್ಲಿಗೇ ಬಂದ್ಬಿಡಿ, ನೀವು ಹೇಳಿ ನಾನು ಒತ್ತೀನಿ, ಎಂದಿದ್ದಳು, ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ನಾನು ನಕ್ಕು ಫೋನ್ ಇಟ್ಟಿದ್ದೆ. ಗೇಟಿನ ಚಿಲಕವನ್ನು ಮೊಣಕೈಯಿಂದ ಎತ್ತಬಹುದು. ಬಸ್ಸಿನಲ್ಲಿ ಕಂಡಕ್ಟರಿಗೆ ಚೀಲ ತೋರಿಸಿ ನೀವೇ ತಗೊಳ್ಳಿ ಎನ್ನಬಹುದು. ನಾಳೆ ಬೆಳಿಗ್ಗೆ ಎಂಟಕ್ಕೆ ಇವರು ಹಾಲು ತರಲು ಹೋಗುತ್ತಾರೆ. ಎರಡು ವರ್ಷದಲ್ಲಿ ಬಾಯಿಬಿಡದೆ ನಾನು ಮಾಡಿದ ಕೆಲಸ ಈ ಲೆಕ್ಕಾಚಾರವೊಂದೇ, ಮೈಕು ಕೇಳಿಸಿಕೊಳ್ಳುತ್ತಲೇ ಇದೆ, ಕೆಂಪು ಚುಕ್ಕೆ ಮಿನುಗುತ್ತಲೇ ಇದೆ, ನಾನು ತುಟಿ ಒತ್ತಿಕೊಂಡಿದ್ದೇನೆ. ಮತ್ತೆ ತೆಗೀಲಾ? ಹೇಳು, ಯಾವುದು ಒತ್ಲಿ? ಖಾಲಿ ಪರದೆ, ಮೌಸ್, ಅದರ ಮೇಲೆ ಇನ್ನೂ ಇಳಿಯದೆ ಕಾಯುತ್ತಿರುವ ಬೆರಳು, ನೀಟಾಗಿ ಕತ್ತರಿಸಿದ ಉಗುರು, ಬೆರಳು —