ಎದೆಯ ಗುಳಿ

ನನ್ನ ಎದೆಯ ನಡುವೆ ಒಂದು ಹಿಡಿ ಶೇಂಗಾ ಹಿಡಿಯುವಷ್ಟು ಗುಳಿಯಿದೆ. ಬಾಣಂತಿಕೋಣೆಯಲ್ಲಿ ನನ್ನನ್ನು ಕಾಲ ಮೇಲೆ ಮಲಗಿಸಿ ಎರೆಯುವಾಗ ಅಜ್ಜಿ ರುಕ್ಮವ್ವ ಹೆಬ್ಬೆರಳಿನಿಂದ ಒತ್ತಿ ತೀಡಿದ್ದಕ್ಕೇ ಹೀಗಾಯಿತೆಂದು ನಮ್ಮೂರು ದಿಗ್ಗೇವಾಡಿಯಲ್ಲಿ ಎಲ್ಲರೂ ನಂಬಿದ್ದರು. ನನ್ನ ನಂತರ ಹುಟ್ಟಿದ ಯಾವ ಕೂಸನ್ನೂ ಯಾರೂ ಅವಳ ಕಾಲ ಮೇಲೆ ಹಾಕಲಿಲ್ಲ. ಅಜ್ಜಿ ಒಮ್ಮೆಯೂ ‘ನಾನಲ್ಲ’ ಎನ್ನಲಿಲ್ಲ. ಆ ಮೌನವನ್ನೇ ಒಪ್ಪಿಗೆಯೆಂದುಕೊಂಡೆವು.

ಬಿ.ಎ. ಮುಗಿದ ವರ್ಷ, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಮಿರಜಿನ ಡಾಕ್ಟರು ಸ್ಕ್ಯಾನ್ ನೋಡಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ಹುಟ್ಟಿನಿಂದಲೇ ತೂತಿದೆ, ಕರುಳು ಎದೆಯೊಳಗೆ ಏರಿದೆ ಎಂದರು. ಕರುಳನ್ನು ಕೆಳಗಿಳಿಸಿ ತೂತು ಹೊಲಿಯಬೇಕು. ಕುಸಿದ ಎದೆಮೂಳೆ ಹೃದಯವನ್ನೂ ಒತ್ತುತ್ತಿದೆ. ಅದೇ ಆಪರೇಶನ್ನಿನಲ್ಲಿ ಅದರ ಕೆಳಗೊಂದು ಬಾಗಿದ ಸ್ಟೀಲ್ ಪಟ್ಟಿ ಇಟ್ಟು ಎತ್ತಬಹುದು. ಪಟ್ಟಿ ಎರಡು-ಮೂರು ವರ್ಷ ಒಳಗಿರಬೇಕು.

“ತೂತು ಹೊಲೀರಿ ಸಾಹೇಬ್ರ, ಪಟ್ಟಿ ಬ್ಯಾಡ,” ಅಂದ ಅಪ್ಪ. “ಕಾಗವಾಡದವ್ರು ಹುಡುಗೀನ ನೋಡಾಕ ಬರಾವ್ರದಾರ. ಎದಿಯಾಗ ಕಬ್ಬಿಣ ಇದ್ದಾಕೀನ ಯಾರ್ ಮಾಡ್ಕೋತಾರ್ರಿ? ಗುಳಿ ಏನ್, ಸೆರಗಿನಾಗ ಮುಚ್ಚತೈತಿ.”

ನಾನು ಡಾಕ್ಟರನ್ನು ಕೇಳಿದೆ: “ಈ ಗುಳಿ ಎಣ್ಣಿ ಹಚ್ಚಿ ತೀಡಿದ್ದಕ್ಕ ಬಿದ್ದೈತೇನ್ರಿ?”

“ನಾಹೀ, ನಾಹೀ. ಎಲುಬು ಬೆಳಿಯೂದ ಹಂಗ. ಯಾರ ಕೈನೂ ಕಾರಣ ಅಲ್ಲ.”

ಮೂಲೆಯ ಕುರ್ಚಿಯಿಂದ ಅಜ್ಜಿ ಎದ್ದು ಅಪ್ಪನತ್ತ ತಿರುಗಿದಳು. “ಕೇಳಿದಿ ಲಗಮಾ? ನಿನಗೂ ನಾನ ಎರದೀನಿ. ನಿನ್ನ ತಲಿ ಮಾತ್ರ ಸರಿ ತೀಡಿಲ್ಲ ಅಂತ ಇವತ್ತ ಗೊತ್ತಾತು.”

“ಯವ್ವಾ, ಡಾಕ್ಟರ್ ಮುಂದ...”

“ಇಷ್ಟ್ ವರ್ಷ ಯಾಕ ಸುಮ್ನಿದ್ದಿ ಆಯಿ?” ಅಂತ ಅಜ್ಜಿಯನ್ನು ಕೇಳಿದೆ.

“ನಾ ಅಲ್ಲ ಅಂದಿದ್ರ, ಬಸಿರಾಗ ಗ್ರಹಣ ನೋಡ್ಯಾಳ ಅಂತ ನಿಮ್ಮವ್ವನ ತಲಿಗಿ ಕಟ್ಟತಿದ್ರು. ಆಕಿ ಆಗಿನ್ನೂ ಸಣ್ಣಾಕಿ, ತಾಳತಿದ್ದಿಲ್ಲ.”

ಅಪ್ಪ ತನ್ನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕೆನಿಸಿತು ನನಗೆ.

“ಎರಡೂ ಮಾಡ್ರಿ ಸರ್. ಸಹಿ ನಾ ಮಾಡ್ತೀನಿ.”

“ಮತ್ತ ಕಾಗವಾಡದವ್ರಿಗೆ ಏನ್ ಹೇಳ್ಲಿ ನೀಲಮಾ?”

“ಎದಿಯಾಗ ಪಟ್ಟಿ ಐತಿ ಅಂತ ಹೇಳ್ರಿ. ಬೇಕಾದ್ರ ಬರ್ಲಿ, ಬ್ಯಾಡಾದ್ರ ತಮ್ಮ ದ್ರಾಕ್ಷಿ ತ್ವಾಟ ಕಾಯ್ಕೋತ ಕುಂದರ್ಲಿ.”

ಡಾಕ್ಟರು ಪೆನ್ನು ಚಾಚಿದರು. ಅಪ್ಪ ಹೂಂ ಅನ್ನಲೆಂದು ನಾನು ಕಾಯಲಿಲ್ಲ.