ಬಲಗೈಗೆ ಕಡಲು

ಹದಿಮೂರನೆಯ ದಿನದ ಊಟ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ, ಮಾಜಾಳಿಯ ಆ ಮನೆ ಎಂದಿನಂತೆ ಎದ್ದಿತು. ಹಾಲಿನ ಪ್ಯಾಕೆಟ್ಟು ಗೇಟಿಗೆ ಬಂದು ಬಿತ್ತು. ಅತ್ತೆ ಹೀರಾ ಎರಡು ವಾರದಿಂದ ಮುಟ್ಟದ ಮೀನಿನ ಬುಟ್ಟಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ನೀತಾ ಚಹಾ ಮಾಡಿದಳು. ಸಕ್ಕರೆ ಹಾಕಿದ್ದೆನೋ ಇಲ್ಲವೋ ಎಂದು ಕುಡಿದು ನೋಡಿದಳು. ಕುಡಿದ ಮೇಲೂ ಗೊತ್ತಾಗಲಿಲ್ಲ.

ಹಿತ್ತಲಿನ ಶೆಡ್ಡಿನಲ್ಲಿ ಕುದುರೆ ಬಾಗಿಲಿಗೆ ಒದೆಯಿತು. ಅದರ ಹೆಸರು ಸಿಗಡಿ. ಬೇಯಿಸಿದ ಸಿಗಡಿಯ ಹಾಗೆ ಕೆಂಪು ಮೈ, ಬಂದ ದಿನ ಅಷ್ಟೇ ಬಡಕಲು; ಅತ್ತೆಯೇ ಇಟ್ಟ ಹೆಸರು. ನೀತಾಳ ಗಂಡ ಸೂರಜ್ ಅದನ್ನು ಅಂಕೋಲೆಯ ಬೊಮ್ಮು ನಾಯಕರಿಂದ ಎರವಲು ತಂದಿದ್ದ. ನಾಯಕರು ಸೈನ್ಯದ ಕುದುರೆ ದಳದಲ್ಲಿ ಇಪ್ಪತ್ತಾರು ವರ್ಷ ಇದ್ದವರು. ಊರಿಗೆ ಮರಳುವಾಗ ಪುಣೆಯ ರೇಸಿನಲ್ಲಿ ಬೇಡವಾದ ಈ ಹೆಣ್ಣುಕುದುರೆಯನ್ನು ಕಟ್ಟಿಕೊಂಡು ಬಂದರು. ಆಮೇಲೆ ಅವರ ಮೊಣಕಾಲು ಕೈಕೊಟ್ಟವು. ಸೂರಜ್ ಗಡಿಯಾಚೆ ಗೋವಾದ ಒಂದು ರೆಸಾರ್ಟಿನಲ್ಲಿ ಪ್ರವಾಸಿಗರಿಗೆ ಸವಾರಿ ಕಲಿಸುತ್ತಿದ್ದ. ಎರಡು ಸಾವಿರದ ಆರನೆಯ ಇಸವಿಯ ಏಪ್ರಿಲ್‌ನಲ್ಲಿ ಅವನು ನಾಯಕರಿಗೆ ಮಾತು ಕೊಟ್ಟ: ಜನವರಿಯಲ್ಲಿ ಬೆಳಗಾವಿಯ ಸವಾರಿ ಸ್ಪರ್ಧೆಗೆ ಒಯ್ಯುತ್ತೇನೆ, ಪಳಗಿದ ಕುದುರೆಯನ್ನೇ ತಂದು ಒಪ್ಪಿಸುತ್ತೇನೆ. ನವೆಂಬರಿನ ಒಂದು ಸಂಜೆ, ಕೆಲಸ ಮುಗಿಸಿ ಬರುವಾಗ, ಗಡಿಯ ತಿರುವಿನಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

ಹತ್ತು ಗಂಟೆಗೆ ನಾಯಕರು ಟೆಂಪೋ ತಂದೇ ಬಂದರು. ಒಳಗೆ ಬರಲಿಲ್ಲ, ಜಗಲಿಯ ತುದಿಯಲ್ಲಿ ಕೂತು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ನಾ ಕಸ್ಕಂಡ್ ಹೋಗೂಕೆ ಬಂದವ್ನಲ್ಲ ತಂಗೀ," ಎಂದರು ನೀತಾಳಿಗೆ. "ಆದ್ರೆ ಇನ್ನು ಅದ್ರ ಬೆನ್ನ ಮೇಲೆ ಕೂರೂರು ಯಾರು? ಕೂಡ್ರದೆ ಇಟ್ರೆ ಹಾಳಾಗ್ತದೆ. ಹುಬ್ಬಳ್ಳಿಯ ಮದುವೆ ಬ್ಯಾಂಡಿನವ್ನೊಬ್ಬ ಕೇಳ್ತಾ ಇದ್ದಾನೆ. ಮೆರವಣಿಗೆಗೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮದುವೆ ಮೆರವಣಿಗೆಯ ಕುದುರೆಯನ್ನು ಕಾರವಾರದ ಪೇಟೆಯಲ್ಲಿ ಎಲ್ಲರೂ ನೋಡಿದವರೇ: ಕಣ್ಣಿಗೆ ಜರಿಯ ಮುಸುಕು, ಕಿವಿಯ ಹತ್ತಿರ ತಾಶೆಯ ಬಡಿತ, ಪಟಾಕಿ.

"ಜನವರಿವರೆಗೆ ಅಂತ ಅಲ್ವಾ ಅವರು ಹೇಳಿದ್ದು?" ಎಂದಳು ನೀತಾ.

ಎಲ್ಲರೂ ಅವಳತ್ತ ತಿರುಗಿದರು. ಹದಿಮೂರು ದಿನದಲ್ಲಿ ಅವಳು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು.

"ನಾ ಕೂರ್ತೆ," ಎಂದು ಶೆಡ್ಡಿನ ಕಡೆಯಿಂದ ದೀಪಾಲಿ ಹೇಳಿದಳು. ಸೂರಜನ ತಂಗಿ, ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಕೈಯಲ್ಲಿ ಸಗಣಿ ಬಾಚುವ ಸಲಿಕೆ. ಈ ಹದಿಮೂರು ದಿನ ಕುದುರೆಗೆ ನೀರು, ಹುಲ್ಲು ಹಾಕಿದವಳು ಅವಳೇ.

"ನೀನಾ? ಕಡಲಲ್ಲಿ ಮೀಯ್ಸೂಕೆ ಹತ್ತಿ ಕೂತದ್ದು ಸವಾರಿ ಅಂದ್ಕಂಡ್ಯಾ?" ಎಂದರು ನಾಯಕರು.

"ದಾದಾ ರೆಸಾರ್ಟಿನ ಕುದುರೆ ಮೇಲೂ ಕೂಡ್ರಿಸಿ ಕಲಿಸಿದ್ದಾನೆ, ಎರಡು ವರ್ಷ. ಬೀಳ್ತೆ. ಬಿದ್ರೆ ಏಳ್ತೆ."

ನಾಯಕರು ಅವಳ ಕಾಲನ್ನು, ಬೆನ್ನನ್ನು, ಕೈಯನ್ನು ನೋಡಿದರು. "ಬೆಳಗಾವಿಯ ಅಂಗಳದಲ್ಲಿ ಮರ್ಯಾದೆಯಿಂದ ಒಂದು ಸುತ್ತು ಮುಗಿಸ್ಲಿ. ಮುಗೀಲಿಲ್ಲ ಅಂದ್ರೆ ಹುಬ್ಬಳ್ಳಿ," ಎಂದು ಎದ್ದರು. ಟೆಂಪೋ ಖಾಲಿಯಾಗಿ ಹೋಯಿತು.

ಮರುದಿನದಿಂದ ನೀತಾ ಕಡಲದಂಡೆಯ ಗಾಳಿಮರಗಳ ಕೆಳಗೆ ಹೋಗಿ, ದೀಪಾಲಿಯ ಸವಾರಿ ನೋಡುತ್ತ ಕೂರತೊಡಗಿದಳು. ಮನೆಯಲ್ಲಿ ಕೂತರೆ ಯಾರಾದರೂ ಬಂದು ಕೈ ಹಿಡಿದುಕೊಳ್ಳುತ್ತಿದ್ದರು; ಇಲ್ಲಿ ಅದಿರಲಿಲ್ಲ. ಕುದುರೆಯ ವಿಷಯ ಅವಳಿಗೆ ಏನೂ ತಿಳಿಯದು. ಆದರೂ ಒಬ್ಬರು ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಎಂಬುದು, ಕೆಲಸ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ.

ದೀಪಾಲಿ ಬೆಳಕು ಹರಿಯುವ ಮೊದಲೇ ಗೊರಸುಗಳನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಂಡು ಮರಳು ಕೆರೆದು ತೆಗೆಯುತ್ತಿದ್ದಳು. ಬ್ರಷ್ಷಿನಿಂದ ಮೈಯನ್ನು ಕೂದಲು ಹೋದ ದಿಕ್ಕಿಗೇ ಉಜ್ಜುತ್ತಿದ್ದಳು. ಜೀನಿನ ಪಟ್ಟಿಯನ್ನು ಒಮ್ಮೆಲೇ ಬಿಗಿಯದೆ ಮೂರು ಸಲಕ್ಕೆ ಬಿಗಿಯುತ್ತಿದ್ದಳು, ನಡುನಡುವೆ ಏನೋ ಕೊಂಕಣಿಯಲ್ಲಿ ಹರಟುತ್ತ. ಸವಾರಿ ಮುಗಿದ ಮೇಲೆ ಬಾವಿಯ ಸಿಹಿನೀರಿನಿಂದ ಕಾಲುಗಳ ಉಪ್ಪು ತೊಳೆದು, ಒರೆಸಿ, ಆಮೇಲೆ ತನ್ನ ಚಹಾ. ಮೊದಲ ವಾರ ನಾಲ್ಕು ಸಲ ಬಿದ್ದಳು. ನಾಲ್ಕು ಸಲವೂ ಎದ್ದವಳು ಮೊದಲು ನೋಡಿದ್ದು ಕುದುರೆಯ ಮೊಣಕಾಲನ್ನು, ಆಮೇಲೆ ತನ್ನ ಮೊಣಕೈಯನ್ನು. ಒಮ್ಮೆಯೂ ಚಾಟಿ ಎತ್ತಲಿಲ್ಲ. ಅಣ್ಣನೂ ಎತ್ತುತ್ತಿರಲಿಲ್ಲ, ಆದರೆ ಅವನು ಬೈಯುತ್ತಿದ್ದ. ಇವಳು ಬೈಯುತ್ತಲೂ ಇರಲಿಲ್ಲ.

ಬಲೆ ಬಿಡಿಸುತ್ತ ಕೂತ ಹೆಂಗಸರು ಬಿಡುವವರೇ? "ಏ ದೀಪಾಲಿ, ಮದುಮಗ ಕುದುರೆ ಹತ್ತಿ ಬರೂದು ಬಿಟ್ಟು ನೀನೇ ಹತ್ತಿ ಹೊರಟ್ಯಲ್ಲೇ, ದಿಬ್ಬಣ ಎಲ್ಲಿಗೆ?"

"ನಿಮ್ಮನೆಗೇ ಮಾವಶಿ, ಮಗನಿಗೆ ಹಲ್ಲುಜ್ಜಿಸಿ ಇಡು!"

ಮೂರು ವಾರಕ್ಕೆ ಕುದುರೆ ಅವಳ ಮಾತು ಕೇಳತೊಡಗಿತು. ಆಗ ಅವಳು ಗಾಳಿಮರಗಳ ಹಿಂದಿನ ಸಮನೆಲದಲ್ಲಿ, ಹಳೆಯ ಬಲೆಯ ಹಗ್ಗ ಕಟ್ಟಿ, ಮೂಲೆಗೊಂದು ತೆಂಗಿನ ಸಿಪ್ಪೆ ಇಟ್ಟು ಬೆಳಗಾವಿಯ ಅಂಗಳವನ್ನೇ ಮಾಡಿಕೊಂಡಳು; ಅಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಬೇಕಿತ್ತು. ಎಡಕ್ಕೆ ಸುತ್ತು ಹಾಕಿದರೆ ಕಂಪಾಸಿನಲ್ಲಿ ಎಳೆದ ಹಾಗೆ. ಬಲಕ್ಕೆ ತಿರುಗಿಸಿದರೆ ಎಲ್ಲ ಕೆಡುತ್ತಿತ್ತು. ಕ್ಯಾಂಟರ್ ಎಂಬ ಆ ಮೂರು ಹೆಜ್ಜೆಯ ಓಟದಲ್ಲಿ ಕುದುರೆ ತಿರುವಿನ ಒಳಗಿನ ಮುಂಗಾಲನ್ನು ಮುಂದಿಡಬೇಕು. ಸಿಗಡಿ ಬಲಸುತ್ತಿನಲ್ಲೂ ಎಡಗಾಲನ್ನೇ ಇಡುತ್ತಿತ್ತು, ಕತ್ತು ಹೊರಗೆ, ಹೊಟ್ಟೆ ಒಳಗೆ, ಅರ್ಧಕ್ಕೆ ಎಡವಿ ನಿಲ್ಲುತ್ತಿತ್ತು. ಹನ್ನೊಂದು ದಿನ ಹೀಗೇ.

ಭಾನುವಾರ ನಾಯಕರು ಬಂದು ಕಾಲು, ಬೆನ್ನು, ಹಲ್ಲು ಎಲ್ಲ ಒತ್ತಿ ನೋಡಿದರು. "ನೋವಿಲ್ಲ. ಬಲಕ್ಕೆ ಬರೂದಿಲ್ಲ, ಅಷ್ಟೇ. ಹುಬ್ಬಳ್ಳಿಯವ್ನಿಗೆ ಅಡ್ಡಿಯಿಲ್ಲ. ಮೆರವಣಿಗೆ ನೆಟ್ಟಗೆ ಹೋಗ್ತದಲ್ಲ."

ಅಂದು ದೀಪಾಲಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನೀತಾ ಒಬ್ಬಳೇ ದಂಡೆಗೆ ಹೋದಳು. ಅವಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಎರಡು ವರ್ಷ ಇದೇ ದಂಡೆಗಳಲ್ಲಿ ಕೋಲು, ಹಗ್ಗ ಹಿಡಿದು ಮರಳಿನ ಇಳಿಜಾರು ಅಳೆದು, ಎಷ್ಟು ಇಳಿಜಾರಿಗೆ ಎಷ್ಟು ಏಡಿ ಎಂದು ಎಣಿಸಿದ್ದಳು. ನೀರು ಇಳಿದಿತ್ತು. ದೀಪಾಲಿ ಆಗಷ್ಟೇ ಕುದುರೆಯನ್ನು ಗಡಿಯ ಕಡೆಗೆ ಓಡಿಸಿಕೊಂಡು ಹೋಗಿದ್ದಳು, ಗುರುತುಗಳು ಹಸಿಯಾಗಿದ್ದವು. ನೀತಾ ಬಗ್ಗಿ, ಹಳೆಯ ಅಭ್ಯಾಸದಂತೆ, ಬೆರಳಿಳಿಸಿ ಅಳೆದಳು. ಕಡಲಿನ ಕಡೆಯ ಗೊರಸು ಆಳ, ಮೇಲಿನ ಕಡೆಯದು ತೇಲು. ಸ್ವಲ್ಪ ದೂರ ನಡೆದು ಇನ್ನೊಮ್ಮೆ ಅಳೆದಳು. ನೀರು ಮುಟ್ಟದ ಮೇಲಿನ ಮರಳಿನಲ್ಲಿ, ಹಿಂದಿನ ದಿನಗಳಲ್ಲಿ ಮರಳಿ ಬಂದ ಗುರುತನ್ನು ಹುಡುಕಿದಳು. ಇರಲಿಲ್ಲ.

ಇರಲು ಸಾಧ್ಯವೂ ಇರಲಿಲ್ಲ. ಸೂರಜ್ ದಿನಾ ದಂಡೆಯ ಮೇಲೆ ಬಡಗಣಕ್ಕೆ ಗಡಿಯವರೆಗೆ ಹೋಗಿ, ಬರುವಾಗ ರಸ್ತೆಯಲ್ಲಿ ಬರುತ್ತಿದ್ದ. ರಸ್ತೆಬದಿಯಲ್ಲಿ ಅವನ ತಾಯಿ ಮೀನು ಮಾರಲು ಕೂರುತ್ತಿದ್ದರು. ಮನೆಗೆ ಬೇಕಾದ ಮೀನನ್ನು ಜೀನಿಗೆ ಕಟ್ಟಿಕೊಂಡು ಬರುತ್ತಿದ್ದ. ದೀಪಾಲಿಯೂ ಅಣ್ಣನ ದಾರಿಯನ್ನೇ ಹಿಡಿದಿದ್ದಳು.

ದೀಪಾಲಿ ಮೀನಿನ ಚೀಲದೊಂದಿಗೆ ಬಂದಾಗ ನೀತಾ ಗೇಟಿನಲ್ಲೇ ನಿಂತಿದ್ದಳು.

"ಎಂಟು ತಿಂಗಳು ಇದು ಕಡಲನ್ನು ಎಡಗಡೆಗೇ ಇಟ್ಟುಕೊಂಡು ಓಡಿದೆ ದೀಪಾಲಿ. ಇಳಿಜಾರು ಯಾವಾಗಲೂ ಎಡಕ್ಕೆ. ಬಲಗೈಗೆ ಕಡಲು ಬಂದದ್ದೇ ಇಲ್ಲ. ಅದಕ್ಕೆ ಓಟ ಅಂದ್ರೆ ಎಡಗಾಲು."

ದೀಪಾಲಿ ಜೀನಿನ ಮೇಲಿಂದ ಇಳಿಯದೆ ಹಾಗೇ ಕೂತಳು. ದಂಡೆಯತ್ತ ನೋಡಿದಳು, ಕುದುರೆಯ ಎರಡೂ ಭುಜ ನೋಡಿದಳು. "ವೈನೀ," ಎಂದಳು ಅತ್ತಿಗೆಗೆ, "ಇದು ಹಟ ಅಲ್ಲ, ಅಲ್ವಾ? ನಾವೇ ಕಲಿಸಿದ್ದು."

ಸಂಜೆ ಅತ್ತೆಗೂ ವಿಷಯ ತಿಳಿಯಿತು. "ರಸ್ತೆ ಮೇಲೆ ಬಾ ಅಂದವ್ಳು ನಾನು ಗೋ. ಬಂಗಡೆ ಅವ್ನಿಗೆ ತಾಜಾ ಬೇಕಿತ್ತು."

"ತಿನ್ನೂದು ನಾವೂ ತಿಂದ್ವಲ್ಲ ಆಯಿ," ಎಂದಳು ದೀಪಾಲಿ. "ನಾಳೆಯಿಂದ ಮೀನು ನೀನೇ ತಾ. ಕುದುರೆ ಬರೂದಿಲ್ಲ."

ಮರುದಿನದಿಂದ ದಾರಿ ತಿರುಗಿತು. ಹೋಗುವುದು ರಸ್ತೆಯಲ್ಲಿ, ನಿಧಾನ ನಡಿಗೆ. ಬರುವುದು ದಂಡೆಯ ಮೇಲೆ, ಬಲಗೈಗೆ ಕಡಲು. ಗಟ್ಟಿ ಮರಳು ಸಿಗುವುದು ನೀರು ಇಳಿದಾಗ ಮಾತ್ರ, ಆ ಹೊತ್ತು ದಿನಕ್ಕೆ ಐವತ್ತು ನಿಮಿಷದಂತೆ ಸರಿಯುತ್ತದೆ. ನೀತಾ ಜನವರಿಯವರೆಗಿನ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದಳು. ದೀಪಾಲಿ ಆ ಹಾಳೆಗೆ ತಕ್ಕಂತೆ ಕಾಲೇಜು ತಪ್ಪಿಸಿದಳು, ಊಟ ತಪ್ಪಿಸಿದಳು, ಕುದುರೆಯ ಊಟ ಮಾತ್ರ ತಪ್ಪಿಸಲಿಲ್ಲ.

ಮೊದಲ ದಿನಗಳಲ್ಲಿ ಸಿಗಡಿ ಅಡ್ಡಡ್ಡ ನಡೆಯಿತು, ಕುಡಿದವರ ಹಾಗೆ. ದೀಪಾಲಿ ಓಡಿಸಲಿಲ್ಲ. ಒಂದು ವಾರ ಪೂರ್ತಿ ನಡೆಸಿದಳು. ಬಲಗಡೆಯ ಮೈ ದಣಿಯುತ್ತದೆ ಎಂದು ರಾತ್ರಿ ಊಟಕ್ಕೆ ಮುಂಚೆ ಬಿಸಿನೀರಿನ ಗೋಣಿ ಒತ್ತಿದಳು. ಗಂಟಲು ಕಟ್ಟಿಕೊಂಡರೂ ಹರಟುವುದು ಬಿಡಲಿಲ್ಲ. ಹತ್ತೊಂಬತ್ತನೆಯ ದಿನ, ನೀತಾ ನೋಡುತ್ತಿದ್ದಂತೆ, ಕುದುರೆ ಮೈ ಕೂಡಿಸಿಕೊಂಡು ಬಲಗಾಲನ್ನು ಮುಂದಿಟ್ಟು ಓಟಕ್ಕೆ ಎದ್ದಿತು. ಒಂದು, ಎರಡು, ಮೂರು. ಒಂದು, ಎರಡು, ಮೂರು. ಬಲೆಯ ಹೆಂಗಸರ ಕೈ ನಿಂತವು. ದೀಪಾಲಿ ಇಪ್ಪತ್ತು ಹೆಜ್ಜೆಗೇ ನಿಲ್ಲಿಸಿ, ಇಳಿದು, ಜೀನು ಬಿಚ್ಚಿಬಿಟ್ಟಳು. ಇನ್ನೂ ಓಡಿಸಬಹುದಿತ್ತು. ಸಾಕು ಎಂದು ನಿಲ್ಲಿಸಿದ್ದನ್ನೇ ನೀತಾ ಆಮೇಲೆ ಹಲವು ಸಲ ನೆನೆದಳು.

ಬೆಳಗಾವಿಯಲ್ಲಿ ಮೈಕಿನವನು "ಕುದುರೆ, ಸಿಗಡಿ" ಎಂದಾಗ ಜನ ನಕ್ಕರು. ಎಡಸುತ್ತು ಚೆನ್ನಾಗಿಯೇ ಆಯಿತು. ಬಲಸುತ್ತಿಗೆ ಕುದುರೆ ಎಡಗಾಲು ಹಾಕಿತು. ಕಟ್ಟೆಯ ಮೇಲೆ ಕೂತಿದ್ದ ನೀತಾ ಎದ್ದು ನಿಂತಳು. ಪಕ್ಕದಲ್ಲಿ ನಾಯಕರ ಕೋಲು ನೆಲ ಕುಟ್ಟಿತು. ದೀಪಾಲಿ ಎಳೆದಾಡಲಿಲ್ಲ. ಎಲ್ಲರೆದುರು ಕುದುರೆಯನ್ನು ನಡಿಗೆಗೆ ಇಳಿಸಿದಳು, ಅಂಕ ಹೋದರೆ ಹೋಗಲಿ ಎಂಬಂತೆ ಕತ್ತು ತಟ್ಟಿದಳು, ಮತ್ತೆ ಕೇಳಿದಳು. ಬಲಗಾಲು ಬಂತು. ಸುತ್ತು ಮುಗಿಯುವವರೆಗೂ ಅದೇ ಕಾಲು.

ಹನ್ನೊಂದರಲ್ಲಿ ಆರನೆಯ ಸ್ಥಾನ.

"ತಪ್ಪು ಮುಚ್ಚಿಟ್ಕಂಡು ಓಡ್ಸೂರೇ ಎಲ್ಲಾ," ಎಂದರು ನಾಯಕರು, ಯಾರಿಗೆಂದಲ್ಲದೆ. "ನಿಲ್ಸಿ ತಿದ್ದೂಕೆ ನಮ್ಮ ದಳದಲ್ಲಿ ಹತ್ತು ವರ್ಷ ಬೇಕು. ಈ ಕೂಸಿಗೆ ಎರಡು ತಿಂಗ್ಳು."

ಜನವರಿಯ ಕೊನೆಯ ದಿನ ಟೆಂಪೋ ಅಂಕೋಲೆಗೆ ಹೋಯಿತು. ದೀಪಾಲಿ ಕುದುರೆಯನ್ನು ಹಲಗೆಯ ಮೇಲಿಂದ ಇಳಿಸಿದಳು, ಗೊರಸುಗಳನ್ನು ಇನ್ನೊಮ್ಮೆ ನೋಡಿದಳು, ಆಮೇಲೆ ಡ್ರೈವರನ ಪಕ್ಕಕ್ಕೆ ಹೋಗಿ ಕೂತು ಬಾಗಿಲು ಹಾಕಿಕೊಂಡಳು. ಹಗ್ಗ ನೀತಾಳ ಕೈಯಲ್ಲಿ ಉಳಿಯಿತು. ಅವಳು ಈ ಕುದುರೆಯನ್ನು ಹಿಡಿದು ನಡೆಸಿದ್ದು ಅದೇ ಮೊದಲು. ಅದು ಸುಮ್ಮನೆ ಜೊತೆಗೆ ಬಂತು.

ನಾಯಕರು ಗದ್ದೆಯಂಚಿನ ಕೊಟ್ಟಿಗೆಯ ಮುಂದೆ ನಿಂತಿದ್ದರು.

"ಜನವರಿಗೆ ಒಪ್ಪಿಸ್ತೇನೆ ಅಂದಿದ್ರು ಅವರು," ಎಂದಳು ನೀತಾ. "ಒಪ್ಪಿಸೂಕೆ ಬಂದೆ."

ನಾಯಕರು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಕುದುರೆಯ ಮುಖ ಹಿಡಿದರು. "ಒಪ್ಪಿಸ್ಕಂಡೆ. ಹುಬ್ಬಳ್ಳಿಯವ್ನಿಗೆ ನಿನ್ನೆಯೇ ಇಲ್ಲ ಅಂದೆ. ಟೆಂಪೋದಲ್ಲಿ ಕೂತವ್ಳಿಗೆ ಹೇಳು, ಭಾನುವಾರ ಬೆಳಗಿನ ಬಸ್ಸಿಗೆ ಬರ್ಲಿ. ಇದು ಜೀನು ಹಾಕ್ಕಂಡು ನಿಂತಿರ್ತದೆ."

ಅವರು ಒಳಗಿನಿಂದ ತಮ್ಮದೊಂದು ಹಗ್ಗ ತಂದು ಕಟ್ಟಿದರು. ಆಮೇಲೆ ಅವಳ ಹಗ್ಗವನ್ನು ಬಿಚ್ಚಿ, ಮಡಿಸಿ, ಮುಂದೆ ಚಾಚಿದರು. ದನಕರು ಒಪ್ಪಿಸುವಾಗಲೂ ಇಲ್ಲಿ ಹಾಗೆಯೇ, ಕಟ್ಟಿ ತಂದ ಹಗ್ಗ ತಂದವರ ಮನೆಗೇ ಹೋಗಬೇಕು.

"ಇದು ನಿಮ್ಮನೇದು ತಂಗೀ," ಎಂದರು.

ನೀತಾ ಕೈ ನೀಡಿ ತೆಗೆದುಕೊಂಡಳು. ಕುದುರೆಯ ಮೈಬಿಸಿಗೆ ಹಗ್ಗ ಇನ್ನೂ ಬೆಚ್ಚಗಿತ್ತು, ಅದು ಅವಳ ಕೈಗೆ ತಿಳಿಯಿತು.