ಕೊನೆಯವರ ಸೀಟಿ

ಎಪ್ಪತ್ತರ ವಯಸ್ಸಿನಲ್ಲಿ ಸಾಕಮ್ಮ ಬೆಟ್ಟ ಹತ್ತಲು ಹೊರಟಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ಅವಳೂ ನಂಬಿರಲಿಲ್ಲ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು, ಮಗಳು ರಚನಾಳ ಕೆಲಸದ ದೆಸೆಯಿಂದ ಚೆನ್ನೈಗೆ ಬಂದು ಪುರಸೈವಾಕ್ಕಂನ ಮೂರನೇ ಮಹಡಿಯಲ್ಲಿ ಕೂತಿದ್ದಳು. ಭಾಷೆ ಬಾರದು, ನೆರೆಯವರ ಗುರುತಿಲ್ಲ, ಕೆಳಗಿಳಿದರೆ ಜವಳಿ ಅಂಗಡಿಗಳ ನೂಕುನುಗ್ಗಲು. ಹೀಗಿರುವಾಗ ಕನ್ನಡದವರೇ ಕಟ್ಟಿಕೊಂಡ ಹಿರಿಯರ ನಡಿಗೆ ಬಳಗ ಸಿಕ್ಕಿತು. ತಿಂಗಳಿಗೊಂದು ಭಾನುವಾರ ಬೆಳಗ್ಗೆ ತಾಂಬರಂನಲ್ಲಿ ಎಲ್ಲರೂ ಸೇರಿ, ಎಲೆಕ್ಟ್ರಿಕ್ ಟ್ರೈನ್ ಹತ್ತಿ ಚೆಂಗಲ್‌ಪಟ್ಟಿಗೆ ಹೋಗುವುದು, ಅಲ್ಲಿಂದ ವ್ಯಾನಿನಲ್ಲಿ ಯಾವುದಾದರೊಂದು ಕಾಡುಗುಡ್ಡದ ಬುಡಕ್ಕೆ. ಸಂಜೆಗೆಲ್ಲ ವಾಪಸ್ಸು. ಆ ಒಂದು ಭಾನುವಾರದ ಆಸೆಯಲ್ಲಿ ಅವಳು ಉಳಿದ ದಿನಗಳನ್ನು ತಳ್ಳುತ್ತಿದ್ದಳು.

ಈ ತಿಂಗಳ ಭಾನುವಾರ ಮಾತ್ರ ಟ್ರೈನಿನಲ್ಲಿ ಕೂತವಳ ಮನಸ್ಸು ಸರಿಯಿರಲಿಲ್ಲ. ಇದೇ ತನ್ನ ಕೊನೆಯ ನಡಿಗೆ ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು.

ಬಳಗದ ಮುಂದಾಳು ಊರ್ಮಿಳಾ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಶಿಸ್ತು ಅವರಿಗೆ ಉಸಿರಾಟದಷ್ಟು ಸಹಜ. ಗುರುವಾರ ವಾಟ್ಸ್ಯಾಪಿನಲ್ಲಿ ಅವರ ಹೊಸ ನಿಯಮ ಬಂದಿತ್ತು. ಎರಡು ಗಂಟೆಯೊಳಗೆ ತುದಿ ಮುಟ್ಟಲಾಗದವರು ಬರುವ ತಿಂಗಳಿನಿಂದ ನುಂಗಂಬಾಕ್ಕಂನ ಪಾರ್ಕಿನಲ್ಲಿ ನಡೆಯುವ ಗುಂಪಿಗೆ ಸೇರತಕ್ಕದ್ದು. ಬಾಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಯಾರ ಹೆಸರನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಎಂಟು ತಿಂಗಳಿನಿಂದ ಪ್ರತಿ ಸಲವೂ ಹಿಂದೆ ಉಳಿದು, ತುದಿ ಮುಟ್ಟದೆ ಅರ್ಧದಾರಿಯಿಂದಲೇ ಇಳಿಯುತ್ತಿದ್ದವಳು ಸಾಕಮ್ಮ ಒಬ್ಬಳೇ.

ಬಾಲ ಎಂದರೆ ಕಮಲಾಕರರಾಯರು. ಸಾಲಿನ ಕಟ್ಟಕಡೆಗೆ ನಡೆದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಮುಂದಿನಿಂದ ಊರ್ಮಿಳಾ ಆಗಾಗ ಎರಡು ಸಲ ಸೀಟಿ ಊದುತ್ತಾರೆ, ಹಿಂದಿನಿಂದ ರಾಯರು ಒಂದು ಸಲ ಊದಬೇಕು. ಎರಡು ಬಾರಿ ಕರೆದರೂ ಬಾಲದ ಸೀಟಿ ಕೇಳದಿದ್ದರೆ ಹದಿನಾಲ್ಕು ಜನರ ಸಾಲು ಪೂರ್ತಿ ತಿರುಗಿ ಕೆಳಗಿಳಿದು ಬರಬೇಕು. ಹನ್ನೊಂದು ವರ್ಷದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ.

ರಾಯರಿಗೆ ಎಪ್ಪತ್ತಾರು. ಮುತ್ತಾತನ ಕಾಲದಿಂದ ಮದರಾಸಿನಲ್ಲೇ ಬೇರೂರಿದ ಮಡಿವಂತ ಮನೆತನ, ಅವರ ಕನ್ನಡದಲ್ಲಿ ಅರ್ಧ ತಮಿಳು. ಮನೆಯ ಮೊಸರನ್ನ ಬಿಟ್ಟರೆ ಬೇರೆ ತಿನ್ನರು. ಸಾಕಮ್ಮ ಕೊಟ್ಟದ್ದರಲ್ಲಿ ಬಾಳೆಹಣ್ಣು ಮಾತ್ರ ಸ್ವೀಕಾರ, ಸಿಪ್ಪೆಯಿದೆಯಲ್ಲ. ನೀರಿನ ಬಾಟಲಿಯನ್ನು ಗೇಣು ಮೇಲೆತ್ತಿ, ತುಟಿಗೆ ತಾಗಿಸದೆ, ಒಂದು ಹನಿಯೂ ಚೆಲ್ಲದೆ ಕುಡಿಯುತ್ತಿದ್ದರು. ಸೀಟಿಯಂತೂ ತಮ್ಮದೇ ಎಂಜಲಾದರೂ ಪ್ರತಿ ಸಲ ಊದಿದ ಮೇಲೆ ತೊಳೆದು, ಬಿಳಿಯ ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಡಬೇಕು. ಸಾಕಮ್ಮ ಇದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದಳು, ಬೇಸರ ಮಾಡಿಕೊಂಡಿರಲಿಲ್ಲ. ಯಾಕೆಂದರೆ ಅಷ್ಟು ದೊಡ್ಡ ಮನಸ್ಸಿನ ಮನುಷ್ಯನನ್ನು ಅವಳು ಬೇರೆ ಕಂಡಿರಲಿಲ್ಲ. ತನ್ನ ನಿಧಾನವನ್ನು ಅವರು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ಬದಲಿಗೆ ಹತ್ತು ಹೆಜ್ಜೆಗೊಮ್ಮೆ ನಿಂತು ಯಾವುದಾದರೊಂದು ಮರವನ್ನು ತೋರಿಸುತ್ತಿದ್ದರು. ತನಗೆ ದಣಿವಾರಿಸಿಕೊಳ್ಳಲು ಅವರು ಹೂಡಿದ ಉಪಾಯ ಅದು ಎಂದು ಅವಳಿಗೆ ಮೊದಲ ತಿಂಗಳೇ ಹೊಳೆದಿತ್ತು. ಹಿರಿಯರು ನಿಂತು ಮಾತಾಡುತ್ತಿರುವಾಗ ಮುಂದೆ ಹೋಗುವುದು ಮರ್ಯಾದೆಯಲ್ಲ. ಅವಳೂ ನಿಲ್ಲುತ್ತಿದ್ದಳು, ಕಲ್ಲು ಸಿಕ್ಕಿದರೆ ಕೂರುತ್ತಿದ್ದಳು.

ಇವತ್ತೂ ಹಾಗೆಯೇ ಆಯಿತು. ಗುಡ್ಡದ ಬುಡದಲ್ಲಿ ಹತ್ತು ನಿಮಿಷ ನಡೆದಿರಲಿಲ್ಲ, ರಾಯರು ನಿಂತರು.

"ಕೊಂಜ ನಿಲ್ಲಿ ಸಾಕಮ್ಮನವರೆ. ಇದು ಯಾವ ಮರ ಗೊತ್ತಾ? ಕೊನ್ರೈ."

"ನಮ್ಮ ಕಡೆ ಕಕ್ಕೆ ಅಂತೀವಿ ಕಣ್ ರಾಯರೇ."

"ಅಪ್ಪಡಿಯಾ!" ಎಂದು ಅವರು ಬೆರಗಾದರು. ಹೋದ ತಿಂಗಳೂ ಇಷ್ಟೇ ಬೆರಗಾಗಿದ್ದರು.

ಮುಂದೆ ಹೊಂಗೆ ಬಂತು. ಆಮೇಲೆ ಬೇವು. ಬೇವಿನ ಮರವನ್ನೂ ರಾಯರು ಅದರ ಎಲೆ, ತೊಗಟೆ, ಹೂವಿನ ಸಮೇತ ಪರಿಚಯ ಮಾಡಿಕೊಟ್ಟರು. ಹುಟ್ಟಿದಾಗಿನಿಂದ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ ಸಾಕಮ್ಮ ಭಕ್ತಿಯಿಂದ ತಲೆಯಾಡಿಸಿದಳು. ಮುಂದಿನವರ ಮಾತು ಮೊದಲು ಸಣ್ಣದಾಗಿ, ಆಮೇಲೆ ಪೂರ್ತಿ ಅಡಗಿತು.

ಅರ್ಧದಾರಿಯಲ್ಲಿ ಒಂದು ಅಗಲವಾದ ಬಂಡೆಯಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಸಾಕಮ್ಮ ಕೂತುಬಿಟ್ಟಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಈಗ ಆಡಬೇಕಿತ್ತು.

"ರಾಯರೇ, ಇವತ್ತು ನೀವು ಮುಂದಕ್ಕೆ ನಡೀರಿ. ನಾನಿಲ್ಲೇ ಕುಂತಿರ್ತೀನಿ."

"ಇದೇನ್ ಮಾತು ಅಮ್ಮಾ? ಹಿಂದೆ ಇರೋರ್ನ ವಿಟ್ಟು ಬಾಲ ಹೋಗೋದುಂಟಾ?"

"ನೀವು ತುದಿ ನೋಡಿ ಎಂಟು ತಿಂಗಳಾಯ್ತು. ಎಲ್ಲಾ ನನ್ನಿಂದ. ಮುಂದಿನ ತಿಂಗಳಿಂದ ನಾ ಬರಕ್ಕಿಲ್ಲ, ಊರ್ಮಿಳಾ ಮೇಡಮ್ಮೋರಿಗೂ ಹೇಳ್ಬುಡ್ತೀನಿ. ಇವತ್ತೊಂದಿನ ನೀವು ಮೇಲಕ್ಕೋಗಿ ಕಣ್ತುಂಬ ನೋಡ್ಕೊಂಡು ಬನ್ನಿ. ನನ್ನ ಜೀವಕ್ಕೆ ಸಮಾಧಾನ ಆಯ್ತದೆ."

ಹೊರೆ ಇಳಿದ ಸಮಾಧಾನ ಅವರ ಮುಖದಲ್ಲಿ ಕಂಡೀತು ಎಂದು ಅವಳು ಕಾದಳು. ರಾಯರ ಮುಖ ಬಿಳಿಚಿಕೊಂಡಿತು.

"ಬರೋದೇ ಇಲ್ವಾ?" ಎಂದರು.

"ಇಲ್ಲ ರಾಯರೇ."

ಅವರು ಏನನ್ನೋ ಗಟ್ಟಿ ಮಾಡಿಕೊಂಡವರಂತೆ ಟೋಪಿ ಸರಿಮಾಡಿ, ಕೋಲು ಹಿಡಿದು, ಒಬ್ಬರೇ ಹತ್ತತೊಡಗಿದರು. ಸಾಕಮ್ಮ ಕೆಳಗೆ ಕೂತು ನೋಡಿದಳು. ಹೋಗಲಿ, ಕೊನೆಗೂ ಹೋದರಲ್ಲ ಎಂದುಕೊಂಡಳು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಮತ್ತೆ ನೋಡಿದಾಗ ರಾಯರು ಇಪ್ಪತ್ತು ಹೆಜ್ಜೆ ಮೇಲೆ ಒಂದು ಮರವನ್ನು ಹಿಡಿದು ನಿಂತಿದ್ದರು.

ಮರದ ಹೆಸರು ಕೇಳಿಬರಲಿಲ್ಲ. ಕೇಳಿಸಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಅವರು ನಿಂತಿದ್ದರು. ಹಣೆಯನ್ನು ಕಾಂಡಕ್ಕೆ ಒತ್ತಿದ್ದರು, ಬೆನ್ನು ಏರಿ ಇಳಿಯುತ್ತಿತ್ತು.

ಸಾಕಮ್ಮ ದಡಬಡನೆ ಎದ್ದು ಹತ್ತಿದಳು. ಎಲ್ಲೂ ನಿಲ್ಲಲಿಲ್ಲ. ಅವರ ಬಳಿ ಬಂದು ತಲುಪಿದ ಮೇಲಷ್ಟೇ ಅವಳಿಗೆ ತನ್ನ ಉಸಿರಿನ ನೆನಪಾಯಿತು. ಅದು ಅಡಿಗೆಮನೆಯಿಂದ ಬಾಗಿಲಿಗೆ ಬಂದಷ್ಟೇ ನಿರಾಳವಾಗಿತ್ತು. ಎಂಟು ತಿಂಗಳ ಕೊನ್ರೈ, ಹೊಂಗೆ, ಬೇವು ಎಲ್ಲವೂ ಒಟ್ಟಿಗೆ ಅವಳ ತಲೆಯೊಳಗೆ ಬಂದು ನಿಂತವು. ಅವರು ನಿಂತದ್ದು ಅವಳಿಗಾಗಿ ಅಲ್ಲ.

ಅಷ್ಟರಲ್ಲಿ ಮೇಲಿನಿಂದ ಊರ್ಮಿಳಾರ ಸೀಟಿ ಕೇಳಿಸಿತು, ಎರಡು ಸಲ.

ರಾಯರು ಕರ್ಚೀಫು ಬಿಚ್ಚಿ ಸೀಟಿಯನ್ನು ಬಾಯಿಗಿಟ್ಟರು. ಬರೀ ಗಾಳಿ ಹೋಯಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಊದಿದರು. ಇಲ್ಲ. ಮೇಲಿನಿಂದ ಮತ್ತೆ ಎರಡು ಸಲ ಕೇಳಿಸಿತು, ಈ ಬಾರಿ ಆತುರವಾಗಿ. ಈಗ ಉತ್ತರ ಹೋಗದಿದ್ದರೆ ಸಾಲು ಪೂರ್ತಿ ಇಳಿದು ಬಂದು, ಮರವನ್ನು ತಬ್ಬಿ ನಿಂತ ಬಾಲವನ್ನು ನೋಡುತ್ತಿತ್ತು. ರಾಯರ ಕಣ್ಣಲ್ಲಿದ್ದ ಭಯ ಅದೇ ಎಂದು ಸಾಕಮ್ಮನಿಗೆ ತಿಳಿಯಿತು. ಅವಳು ಕೈ ಚಾಚಿದಳು.

ರಾಯರ ಕೈ ಅಭ್ಯಾಸಬಲದಿಂದ ನೀರಿನ ಬಾಟಲಿಯ ಕಡೆಗೆ ಹೋಯಿತು. ತೊಳೆಯಲು ಹೊತ್ತೆಲ್ಲಿತ್ತು? ಒಂದು ಕ್ಷಣ ಅವಳ ಮುಖ ನೋಡಿ, ತಮ್ಮ ಎಂಜಲು ಹತ್ತಿದ ಸೀಟಿಯನ್ನು ಹಾಗೆಯೇ ಅವಳ ಅಂಗೈಗೆ ಹಾಕಿದರು.

ಸಾಕಮ್ಮ ಊದಿದಳು. ಮೂವತ್ತು ವರ್ಷ ಮಕ್ಕಳನ್ನು ಬೀದಿಯಿಂದ ಒಳಗೆ ಕರೆದ ಉಸಿರು ಅದು, ಗುಡ್ಡವೇ ಮಾರ್ದನಿಸಿತು. ಮೇಲಿನಿಂದ 'ಸರಿ' ಎಂಬಂತೆ ಒಂದು ಸೀಟಿ ಬಂತು.

ರಾಯರು ಮರದ ಬುಡದಲ್ಲಿ ಕೂತರು. ಉಸಿರು ಹತೋಟಿಗೆ ಬಂದ ಮೇಲೆ ನೆಲ ನೋಡುತ್ತ ಹೇಳಿದರು. "ಡಾಕ್ಟರ್ ನಡೀರಿ ಅಂದಿದಾರೆ. ಆದ್ರೆ ಮೆದುವಾ, ನಿಧಾನವಾ ನಡೀರಿ ಅಂದಿದಾರೆ. ಆ ಮೆದುವಾ ಅನ್ನೋದನ್ನ ನಾನು ಯಾರಿಗೂ ಸೊಲ್ಲಲಿಲ್ಲ. ಮನೆಯಾಕೆ ಹೋದ್ಮೇಲೆ ನನಗೆ ಇರೋದು ಈ ಒಂದು ಭಾನುವಾರ ಅಮ್ಮಾ. ನೀವು ನಿಧಾನ ಅಂತ ಎಲ್ಲರೂ ನೆನೆಚ್ಕೊಂಡ್ರು, ನಾನು ಸುಮ್ಮನೆ ಇದ್ದೆ. ನಿಮ್ಮ ಹಿಂದೆ ಅಡಗಿಕೊಂಡೆ. ದೊಡ್ಡ ತಪ್ಪು."

ಸಾಕಮ್ಮನಿಗೆ ಸಿಟ್ಟು ಬಂತು. ಬರದೆ ಏನು? ಎಂಟು ತಿಂಗಳಿನಿಂದ ಆಕೆ ತನ್ನ ಕಾಲುಗಳನ್ನೇ ಬೈದುಕೊಂಡಿದ್ದಳು, ರಾತ್ರಿ ಎಣ್ಣೆ ಹಚ್ಚಿ ತಿಕ್ಕಿಕೊಂಡಿದ್ದಳು. ಜಗಳವಾಡಲೆಂದೇ ಬಾಯಿ ತೆರೆದಳು.

"ಅಲ್ಲಾ ರಾಯರೇ, ಬೇವಿನ ಮರಾನೂ ತೋರಿಸ್ಬುಟ್ರಲ್ಲ!"

"ಪಕ್ಕದಲ್ಲಿ ಬೇರೆ ಮರ ಇರ್ಲಿಲ್ಲ ಅಮ್ಮಾ," ಎಂದರು ರಾಯರು ದೀನರಾಗಿ.

ಸಾಕಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ಗಾಬರಿಯಾದ ರಾಯರೂ ಆಮೇಲೆ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ನೀವು ಹೋಗಿ," ಎಂದರು ಕೊನೆಗೆ. "ಎರಡು ಗಂಟೆ ಆಗೋಕೆ ಇನ್ನೂ ಅರ್ಧ ಗಂಟೆ ಮೇಲೆ ಇದೆ. ನಿಮ್ಮ ಕಾಲಿಗೆ ಅದು ಸಾಕು. ಊರ್ಮಿಳಾ ಹತ್ರ ನಾನೇ ಎಲ್ಲ ಸೊಲ್ತೀನಿ. ನನಗೆ ಪಾರ್ಕೇ ಪರವಾಯಿಲ್ಲ."

ಸಾಕಮ್ಮ ಮೇಲೆ ನೋಡಿದಳು. ಹೋಗಬಹುದಿತ್ತು. ಎರಡು ಗಂಟೆಯೊಳಗೆ ತುದಿಯಲ್ಲಿ ನಿಂತು ಎಲ್ಲರ ಬಾಯಿ ಮುಚ್ಚಿಸುವ ಆಸೆ ಅವಳಿಗೆ ಇಲ್ಲದೆ ಇರಲಿಲ್ಲ, ಕಾಲು ಕೂಡ ತವಕಿಸುತ್ತಿತ್ತು. ಆದರೆ ಪಾರ್ಕಿನ ಸಿಮೆಂಟಿನ ದಾರಿಯಲ್ಲಿ, ಹೆಸರು ಹೇಳಲು ಕೇಳುವವರಿಲ್ಲದೆ, ಈ ಮನುಷ್ಯ ಒಬ್ಬರೇ ಸುತ್ತು ಹೊಡೆಯುವ ಚಿತ್ರ ಕಣ್ಣಿಗೆ ಕಟ್ಟಿತು. ಅದನ್ನು ಸಹಿಸುವುದು ಅವಳಿಂದಾಗಲಿಲ್ಲ.

"ಏಳಿ, ನಿಧಾನಕ್ಕೆ ಓಗಮ. ಅಂಗನವಾಡೀಲಿ ನಾನ್ ಯಾವತ್ತೂ ಮಕ್ಕಳ ಹಿಂದೇನೇ ನಡೆದೋಳು. ಆದ್ರೆ ಒಂದ್ ಮಾತು. ಡಾಕ್ಟ್ರು ಏನಂದ್ರು ಅನ್ನೋದನ್ನ ಇವತ್ತೇ ಮೇಡಮ್ಮೋರಿಗೆ ಹೇಳ್ಬೇಕು. ಕದ್ದುಮುಚ್ಚಿ ಬೆಟ್ಟ ಹತ್ತೋ ವಯಸ್ಸಲ್ಲ ನಿಮ್ದು."

ತುದಿ ಮುಟ್ಟುವಾಗ ಎರಡು ಗಂಟೆ ಐವತ್ತು ನಿಮಿಷ. ದಾರಿಯ ಒಂದು ಮರವನ್ನೂ ಅವರು ಬಿಡಲಿಲ್ಲ, ಈ ಸಲ ಅರ್ಧದಷ್ಟರ ಹೆಸರನ್ನು ಸಾಕಮ್ಮನೇ ಹೇಳಿದಳು. ಮೇಲೆ ಎಲ್ಲರೂ ಬುತ್ತಿ ಬಿಚ್ಚಿದ್ದರು. ಊರ್ಮಿಳಾ ಗಡಿಯಾರ ನೋಡಿ ಎದ್ದು ಬಂದರು. ಅವರು ಬಾಯಿ ತೆರೆಯುವ ಮೊದಲೇ ಸಾಕಮ್ಮ ಹೇಳಿದಳು.

"ಮೇಡಂ, ಬಾಲಕ್ಕೆ ಟೈಮಿಲ್ಲ ಅಂತ ನೀವೇ ರೂಲ್ ಮಾಡಿದೀರಿ. ಇನ್ಮೇಲೆ ನಾನೂ ಬಾಲ."

"ಬಾಲಕ್ಕೆ ಇಬ್ಬರು ಯಾಕೆ ಸಾಕಮ್ಮ?"

ಉತ್ತರವನ್ನು ರಾಯರೇ ಹೇಳಿದರು. ಡಾಕ್ಟರ ಮಾತು, ಮರಗಳ ಉಪಾಯ, ಊದಲಾಗದ ಸೀಟಿ, ಏನನ್ನೂ ಮುಚ್ಚಿಡಲಿಲ್ಲ.

"ಹನ್ನೊಂದು ವರ್ಷ ನಮ್ಮನ್ನೆಲ್ಲ ಹಿಂದಿನಿಂದ ನೋಡ್ಕೊಂಡ್ರಿ," ಎಂದರು ಊರ್ಮಿಳಾ. "ನಾವು ಒಂದು ಸಲಾನೂ ಹಿಂದೆ ತಿರುಗಿ ನೋಡಲಿಲ್ಲ, ಅಲ್ವಾ? ಆಯ್ತು. ಕಡಿದಾದ ಗುಡ್ಡ ಇದ್ದಾಗ ಬಾಲ ಅರ್ಧದಾರಿವರೆಗೆ ಬಂದರೆ ಸಾಕು. ಉಳಿದ ಕಡೆ ಇಬ್ಬರೂ ತುದಿವರೆಗೆ ಬನ್ನಿ."

ರಾಯರು ತುದಿಯ ಅಂಚಿಗೆ ಹೋಗಿ ನಿಂತರು. ಕೆಳಗೆ ಕೆರೆಯ ನೀರು, ಹಸಿರು ಗದ್ದೆ, ಅದರ ನಡುವೆ ತೆವಳುತ್ತಿದ್ದ ಸಣ್ಣ ರೈಲು. ಎಂಟು ತಿಂಗಳ ಮೇಲೆ ನೋಡುತ್ತಿದ್ದರು. ಸಾಕಮ್ಮ ಪಕ್ಕದಲ್ಲಿ ನಿಂತಳು.

ಇಳಿಯುವಾಗ ಇಬ್ಬರೂ ಕಟ್ಟಕಡೆಗೆ ನಡೆದರು. ಬಂಡೆಯ ಹತ್ತಿರ ಬರುವಾಗ ಮುಂದಿನಿಂದ ಎರಡು ಸೀಟಿ ಕೇಳಿಸಿತು. ಸಾಕಮ್ಮ ಊದಿದಳು. ಆಮೇಲೆ ರಾಯರ ಪದ್ಧತಿ ನೆನಪಾಗಿ ನಾಲಿಗೆ ಕಚ್ಚಿಕೊಂಡು, ತೊಳೆಯಲೆಂದು ತನ್ನ ಬಾಟಲಿಯ ಮುಚ್ಚಳ ತಿರುಗಿಸಿದಳು.

"ಇರಲಿ ಕೊಡಿ," ಎಂದರು ರಾಯರು. "ಈಗ ಉಸಿರು ಇದೆ. ನಾನೂ ಒಂದು ಸಲ ಊದ್ತೀನಿ."

ಅವಳ ಕೈಯಿಂದ ಸೀಟಿಯನ್ನು ತೆಗೆದುಕೊಂಡರು. ತೊಳೆಯಲಿಲ್ಲ, ಒರೆಸಲೂ ಇಲ್ಲ. ಹಾಗೆಯೇ ತುಟಿಗಿಟ್ಟು ಊದಿದರು.